ನಕ್ಷತ್ರದ ಲೆಕ್ಕದಲ್ಲಿ ತಂದ ಪೈಪು

ನಾನು ಮುಳಬಾಗಿಲಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ತಪ್ಪೆಲ್ಲ ಇಲ್ಲೇ ಶುರು, ನೋಡಿ.

ತೊಂಬತ್ತರ ದಶಕದ ಕೊನೆ. ಬೇಸಿಗೆ ರಜಕ್ಕೆ ಕ್ಯಾಲನೂರು ಹತ್ರ ಮಾವನ ಮನೇಲಿದ್ದೆ. ಮನೆ ಹಿಂದಿನ ಹಿಪ್ಪುನೇರಳೆ ತೋಟ ಒಣಗ್ತಿತ್ತು. ಒಳಗೆ ತಟ್ಟೆ ತುಂಬ ರೇಷ್ಮೆ ಹುಳ ಸೊಪ್ಪಿಗೆ ಬಾಯಿ ಬಿಡ್ತಿದ್ವು. ಆಚೆ ಹೊಲದ ಪಂಪ್ ಶೆಡ್ಡಿಂದ ತೋಟಕ್ಕೆ ಪೈಪ್ ಎಳೀಬೇಕು. ಎಷ್ಟುದ್ದ ಅಂತ ಅಳೆಯೋಕೆ ಮಾವ ಹಗ್ಗ ತಗೊಂಡ್ರು. ನಾನು ಬಿಡ್ತೀನಾ?

ಅದೇ ವಾರ ಓದಿದ್ದೆ, ಮಸುಕು ಮಸುಕಾದ ಕುಳ್ಳ ಗ್ಯಾಲಕ್ಸಿಗಳ ದೂರ ಹೇಗೆ ಅಳೀತಾರೆ ಅಂತ. ಅದರೊಳಗೆ ಒಂದು ಜಾತಿ ನಕ್ಷತ್ರ ಇರ್ತವೆ. ಅರ್ಧ ದಿನಕ್ಕೊಂದ್ಸಲ ಬೆಳಕು ಏರುತ್ತೆ, ಇಳಿಯುತ್ತೆ. ಆ ಏರಿಳಿತ ನೋಡೇ ಜಾತಿ ಗುರ್ತು ಹಿಡಿಯೋದು. ಆ ಜಾತೀದೆಲ್ಲಕ್ಕೂ ನಿಜವಾದ ಬೆಳಕು ಹೆಚ್ಚುಕಮ್ಮಿ ಒಂದೇ. ಹಂಗಾಗಿ ಎಷ್ಟು ಮಂಕೋ ಅಷ್ಟು ದೂರ!

"ಆಕಾಶದ್ದನ್ನೇ ಕೂತಲ್ಲಿಂದ ಅಳೀತಾರೆ ಮಾವ, ನಿಮ್ಮ ಪಂಪ್ ಶೆಡ್ ಯಾವ ಲೆಕ್ಕ?" ಅಂದೆ.

ಶೆಡ್ಡಿಗೊಂದು, ಜಗಲಿಗೊಂದು ಅರವತ್ತು ವ್ಯಾಟ್ ಬಲ್ಬ್ ಹಾಕ್ಸಿದೆ. ಕೋಲಾರದ ಫೋಟೋ ಸ್ಟುಡಿಯೋ ಗೆಳೆಯನಿಂದ ಬೆಳಕಳೆಯೋ ಮೀಟರ್ ಇಸ್ಕೊಂಡು ಬಂದೆ. ಮುಸ್ಸಂಜೆ ಸ್ವಿಚ್ ಒತ್ತಿದ್ರೆ ಎರಡೂ ಬಲ್ಬು ಏರ್ತವೆ, ಇಳೀತವೆ. ನಂಗೆ ರೋಮಾಂಚನ. ಅದೇ ಜಾತಿ!

ಹೆಂಡ್ತಿ ಗಿರಿಜ ಮೆಲ್ಲಗೆ ಹೇಳಿದ್ಳು: "ರೀ, ಅದು ವೋಲ್ಟೇಜ್ ಕಣ್ರೀ. ಟ್ರಾನ್ಸ್‌ಫಾರ್ಮರ್ ಇರೋದು ಶೆಡ್ ಪಕ್ಕ. ನಮ್ಮನೆ ಲೈನಿನ ಕೊನೇಲಿದೆ."

ಬಿ.ಎ. ಓದಿದವಳಿಗೆ ಭೌತಶಾಸ್ತ್ರ ಹೇಗೆ ಅರ್ಥ ಆಗ್ಬೇಕು ಅಂತ ಸುಮ್ನಿರಿಸ್ದೆ. ಒಂದೇ ವ್ಯಾಟು, ಅಂದ್ರೆ ಒಂದೇ ಬೆಳಕು ಅಂತ ಜಗಲಿ ಬಲ್ಬನ್ನ ಹತ್ತಡಿ ದೂರದಿಂದ, ಶೆಡ್ ಬಲ್ಬನ್ನ ತೋಟದಿಂದ ಮೀಟರಲ್ಲಿ ಅಳೆದೆ. ವರ್ಗಮೂಲ ತೆಗೆದು, ಕೆಳಗೆ ಎರಡು ಗೆರೆ ಎಳೆದು ತೀರ್ಪು ಕೊಟ್ಟೆ. ನಾನೂರು ಅಡಿ.

ಮಾರನೇ ದಿನ ಮಾವ ಕೋಲಾರದಿಂದ ಅಷ್ಟೇ ಪೈಪ್ ತಂದ್ರು. ಶೆಡ್ಡಿಂದ ಜೋಡಿಸ್ತಾ ಬಂದ್ವಿ. ಪೈಪ್ ಮುಗೀತು. ತೋಟ ಬರ್ಲಿಲ್ಲ!

ಶೆಡ್ ಬಲ್ಬಿಗೆ ಹೊಟ್ಟೆ ತುಂಬ ಕರೆಂಟು, ಜಗಲಿ ಬಲ್ಬಿಗೆ ಅರೆಹೊಟ್ಟೆ. ಎರಡನ್ನೂ ಹೋಲಿಸಿದ ಮಹಾಶಯನಿಗೆ ಶೆಡ್ಡು ಹತ್ರ ಬಂದುಬಿಟ್ಟಿತ್ತು. ಇನ್ನೂರು ಅಡಿ ಬಾಕಿ, ಅದೂ ಏರು, ಕಾಲುವೆ ತೋಡಿದ್ರೂ ನೀರು ಹತ್ತಲ್ಲ. ಅಂಗಡಿಯೋರು ಉಳಿದ ಪೈಪಿಗೆ ಒಂದು ವಾರ ಅಂದ್ರು. ಹುಳ ವಾರ ಕಾಯ್ತವಾ?

ಎಲ್ಲಿ ತಪ್ಪಾಯ್ತು ಅಂತ ಮಾವನಿಗೆ ವೈಜ್ಞಾನಿಕವಾಗಿ ವಿವರಿಸೋಕೆ ಹೊರಟೆ. "ಚಾಲು ಅಲ್ಲುಡೂ," ಅಂದ್ರು, ಸಾಕು ಅಳಿಯಾ ಅಂತ. ಮಾವ ತೆಲುಗಿಗೆ ಇಳಿದ್ರೆ ಮಾತು ಮುಗೀತು ಅಂತಾನೇ ಅರ್ಥ. ಎರಡು ಬಿಂದಿಗೆ ನನ್ನ ಮುಂದಿಟ್ರು.

ಪೈಪಿನ ಬಾಯಿಂದ ತೋಟಕ್ಕೆ ಏಳು ದಿನ ನೀರು ಹೊತ್ತೆ. ಸೊಪ್ಪು ಉಳೀತು. ಎಂಟನೇ ದಿನ ಹುಳ ಗೂಡು ಕಟ್ಟೋಕೆ ಶುರು ಮಾಡಿದ್ವು, ಮೇಷ್ಟ್ರು ಬೋರಲು ಮಲಗಿದ್ರು. ಸೊಂಟಕ್ಕೆ ಎಣ್ಣೆ ಹಚ್ಚಿದ್ದು ಗಿರಿಜ. ಸ್ವಲ್ಪ ಜಾಸ್ತಿ ಒತ್ತಿದ್ಳು, ಅಷ್ಟೇ.