ನೀರುದೋಸೆ ಕಲಿತ ಕಾಗೆಗಳು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಒಂದು ಕಲೆ ಬೇಕು ಎಂದು ನಾನು ತೀರ್ಮಾನಿಸಿದೆ. ಈ ತೀರ್ಮಾನಕ್ಕೆ ಮನೆಯಲ್ಲಿ ಯಾರ ಬೆಂಬಲವೂ ಇರಲಿಲ್ಲ. ಆದರೂ ಮಣಿಪಾಲದ ಭಾನುವಾರದ ಚಿತ್ರಕಲಾ ಶಿಬಿರಕ್ಕೆ ಸೇರಿದೆ. ನನ್ನ ಮಗಳಿಗಿಂತ ಸಣ್ಣ ಪ್ರಾಯದ ಶಿಕ್ಷಕಿ ಮೊದಲ ದಿನವೇ, "ಅಂಕಲ್, ಸುತ್ತಮುತ್ತಲಿನ ಪ್ರಾಣಿ ಪಕ್ಷಿಗಳನ್ನು ನೋಡಿ. ಅವುಗಳ ತುಂಟತನ ಹಿಡಿಯಿರಿ. ಸ್ಫೂರ್ತಿ ತಾನಾಗಿ ಬರ್ತದೆ" ಎಂದಳು. ನಮ್ಮೂರು ಕಾಪುವಿಗೆ ಮರಳುವಾಗ ಬಸ್ಸಿನಲ್ಲಿದ್ದ ಉಚ್ಚಿಲದ ಕಡೆಯ ಜನರೆಲ್ಲ ನನ್ನನ್ನು ಕಲಾವಿದನೆಂದು ಗುರುತಿಸುತ್ತಿರುವಂತೆ ಅನಿಸಿತು. ಅವರು ನೋಡುತ್ತಿದ್ದದ್ದು ಸೀಟಿಗೆ ಅಡ್ಡ ಇಟ್ಟ ನನ್ನ ದೊಡ್ಡ ಡ್ರಾಯಿಂಗ್ ಪುಸ್ತಕವನ್ನು.

ಪ್ರಾಣಿಗಳು ಮಾತ್ರ ಸಹಕರಿಸಲಿಲ್ಲ. ಕಡಲ ತೀರದ ಏಡಿಗಳು ನಾನು ಪೆನ್ಸಿಲ್ ಹೊರತೆಗೆಯುವಷ್ಟರಲ್ಲಿ ಮರಳಿನೊಳಗೆ ಅಂತರ್ಧಾನವಾದವು. ಹಿತ್ತಿಲಿಗೆ ಬಂದ ನವಿಲು ನಮ್ಮ ಹರಿವೆ ಸೊಪ್ಪು ಮುಗಿಯುವವರೆಗೆ ನಿಂತಿತು, ಚಿತ್ರ ಮುಗಿಯುವವರೆಗೆ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಕಾಗೆ.

ಕಾಗೆಯಲ್ಲಿ ಎಷ್ಟು ತುಂಟತನವಿದೆ ಎಂಬುದು ನೋಡಿದವನಿಗೇ ಗೊತ್ತು. ನಮ್ಮ ಕಂಪೌಂಡ್ ಗೋಡೆಗೆ ಬರುವ ಒಂದು ಹಿರಿಯ ಕಾಗೆಯಂತೂ, ರಜೆ ಅರ್ಜಿ ಓದುವ ನನ್ನ ಹಳೆಯ ಮ್ಯಾನೇಜರರ ಹಾಗೆಯೇ ತಲೆ ವಾರೆ ಮಾಡಿ ನೋಡುತ್ತಿತ್ತು. ಅದಕ್ಕೆ ಮ್ಯಾನೇಜರ್ ಎಂದೇ ಹೆಸರಿಟ್ಟೆ. ಆದರೆ ಅದೂ ತಿಂಡಿ ಸಿಕ್ಕಿದ ಕೂಡಲೇ ಹಾರಿಹೋಗುತ್ತಿತ್ತು. ಹಾಗಾಗಿ ಒಂದು ಶಿಸ್ತು ಜಾರಿಗೆ ತಂದೆ. ಬೆಳಿಗ್ಗೆ ಗೋಡೆಯ ಮೇಲೆ ನೀರುದೋಸೆ ಇಡುವುದು. ಚಿತ್ರ ಮುಗಿಯುವ ಮೊದಲು ಮುಟ್ಟಿದರೆ ಛತ್ರಿ ಬೀಸಿ ಓಡಿಸುವುದು. ಮುಗಿದ ಮೇಲೆ ಪುಸ್ತಕವನ್ನು ಟಪ್ಪೆಂದು ಮುಚ್ಚುವುದು. ಆಗ ತಿನ್ನಬಹುದು.

ಮಳೆಗಾಲ ಮುಗಿಯುವುದರೊಳಗೆ ಕಾಗೆಗಳು ಎಲ್ಲವನ್ನೂ ಕಲಿತವು. ದೋಸೆಯ ಮುಂದೆ ಸಾಲಾಗಿ, ಮುಖ ವಾರೆ ಮಾಡಿ, ಅಲುಗಾಡದೆ ಕೂರುತ್ತಿದ್ದವು. ಟಪ್ ಎಂದ ಕೂಡಲೇ ಊಟ. ಇಡೀ ನೌಕರಿಯಲ್ಲಿ ನನ್ನ ಕೈಕೆಳಗಿನ ಯಾರೂ ಇಷ್ಟು ಶಿಸ್ತಿನಿಂದ ಇದ್ದದ್ದಿಲ್ಲ.

ನನ್ನ ಹೆಂಡತಿ ವಾರಿಜಾ ಒಮ್ಮೆ ಚಿತ್ರ ನೋಡಿ, "ಇದು ಎಂತ, ನಮ್ಮ ಹಳೇ ಛತ್ರಿಯಾ?" ಎಂದಳು.

"ಕಾಗೆ ಮಾರಾಯ್ತಿ."

"ಹಾಗಾದ್ರೆ ನಾನು ದಿನಾ ದೋಸೆ ಹೊಯ್ಯುವುದು ಇದಕ್ಕಾ" ಎಂದು ಒಳಗೆ ಹೋದಳು.

ಹೀಗಿರುವಾಗ ಅಪ್ಪನ ಮೊದಲ ವರ್ಷದ ತಿಥಿ ಬಂತು. ಕಾರ್ಕಳದಿಂದ ಚಿಕ್ಕಪ್ಪ ಬಂದರು. ಭಟ್ಟರು ಕ್ರಿಯೆ ಮುಗಿಸಿ, ಬಾಳೆಲೆಯಲ್ಲಿ ಎಡೆ ಬಡಿಸಿ ಗೋಡೆಯ ಮೇಲೆ ಇಡಿಸಿದರು. ಕಾಗೆ ಮುಟ್ಟಿದರೆ ಹೋದವರು ತೃಪ್ತರಾದರು ಎಂದು ಲೆಕ್ಕ, ಆಮೇಲೆಯೇ ಮನೆಯವರ ಊಟ. ನಾನು ನಿಶ್ಚಿಂತನಾಗಿದ್ದೆ. ಕಾಗೆಗಳನ್ನು ಇಷ್ಟು ಚೆನ್ನಾಗಿ ಸಾಕಿದ ಮಗ ಕಾಪುವಿನಲ್ಲಿ ಇನ್ನೊಬ್ಬನಿರಲಾರ.

ಕರೆಯುವ ಮೊದಲೇ ಕಾಗೆಗಳು ಬಂದವು. ಎಲೆಯ ಮುಂದೆ ಸಾಲಾಗಿ ಕೂತವು. ಮುಖ ವಾರೆ ಮಾಡಿದವು. ಅಷ್ಟೇ!

"ಬಂದಿದ್ದಾವೆ, ಆದ್ರೆ ಮುಟ್ಟುವುದಿಲ್ಲ. ಇಂಥದ್ದು ನಾನು ಕಂಡದ್ದೇ ಇಲ್ಲ" ಎಂದರು ಭಟ್ಟರು.

ಕಾಗೆಗಳು ಎಲೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದವು.

"ಅಣ್ಣನಿಗೆ ಏನೋ ಆಸೆ ಉಳಿದಿದೆ" ಎಂದರು ಚಿಕ್ಕಪ್ಪ. ಗೋಡೆಯತ್ತ ಕೈಮುಗಿದು, ಅಪ್ಪನ ಜೊತೆಗಿದ್ದ ಜಾಗದ ತಕರಾರು ಬಿಡುತ್ತೇನೆ ಎಂದರು. ಕಾಗೆಗಳು ಕದಲಲಿಲ್ಲ. ಚಿಕ್ಕಪ್ಪನ ಮುಖದಲ್ಲಿ, ಸುಮ್ಮನೆ ಹೇಳಿಬಿಟ್ಟೆನಲ್ಲ ಎಂಬ ಭಾವ ಕಂಡಿತು.

ಅಷ್ಟರಲ್ಲಿ ಜಗಲಿಯ ಮೂಲೆಯಲ್ಲಿ ಕೂತಿದ್ದ ಅಮ್ಮ ಮೆಲ್ಲಗೆ ಹೇಳಿದಳು: "ಆಸ್ಪತ್ರೆಯಲ್ಲಿ ಅವರು ಗೋಳಿಬಜೆ ಕೇಳಿದ್ದರು. ಡಾಕ್ಟ್ರು ಎಣ್ಣೆಯಲ್ಲಿ ಕರಿದದ್ದು ಬೇಡ ಅಂದಿದ್ದಾರೆ ಅಂತ ನಾನು ಕೊಡಲಿಲ್ಲ."

ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಒಂದು ತುತ್ತು ತಿನ್ನು ಎಂದರೆ, "ಅವರು ತಿನ್ನದೆ ನಾನು ಹೇಗೆ ತಿನ್ನುವುದು" ಎಂದಳು.

ವಾರಿಜಾ ಗಡಿಬಿಡಿಯಲ್ಲಿ ಗೋಳಿಬಜೆ ಕರಿದಳು. "ಶಾಸ್ತ್ರದಲ್ಲಿ ಗೋಳಿಬಜೆ ಇಲ್ಲ" ಎಂದರು ಭಟ್ಟರು. ಬಿಸಿ ಬಜೆಯ ಪರಿಮಳ ಬಂದ ಮೇಲೆ, "ನಿಷೇಧವೂ ಇಲ್ಲ" ಎಂದರು. ಎಲೆಗೆ ಬಡಿಸಿದ್ದಾಯಿತು. ಮ್ಯಾನೇಜರ್ ಬಜೆಯನ್ನು ಒಂದು ಕಣ್ಣಿನಿಂದ ಪರಿಶೀಲಿಸಿ, ಮತ್ತೆ ನನ್ನತ್ತ ತಿರುಗಿ, ಭಂಗಿ ಸರಿಮಾಡಿಕೊಂಡು ಕೂತಿತು.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಕೊಟ್ಟರೂ ಬೇಡವಂತೆ. ಅಷ್ಟು ಬೇಸರ ಆಗಿದೆ ಅವರಿಗೆ."

ನನಗೆ ತಡೆಯಲಾಗಲಿಲ್ಲ. ಅಪ್ಪನಿಗೆ ಬೇಸರವಿಲ್ಲ, ಇವು ನಾನು ಹಾಳು ಮಾಡಿದ ಕಾಗೆಗಳು ಎಂದು ಕೂಗಿ ಹೇಳಬೇಕೆನಿಸಿತು. ಆದರೆ ತಿಥಿಯ ದಿನ, ಭಟ್ಟರ ಎದುರು, ಕಾಗೆಗಳು ಚಿತ್ರಕ್ಕೆ ಕೂತಿವೆ ಎಂದು ಹೇಳುವುದು ಹೇಗೆ?

ಆಗ ವಾರಿಜಾ ಮುಂದೆ ಬಂದಳು. "ಮಾವನವರಿಗೆ ಎಂತ ಬೇಕು ಅಂತ ನನಗೆ ಗೊತ್ತುಂಟು" ಎಂದು ಒಳಗೆ ಹೋಗಿ ನನ್ನ ಡ್ರಾಯಿಂಗ್ ಪುಸ್ತಕ ತಂದಳು. ಅದನ್ನು ಅಗಲವಾಗಿ ತೆರೆದು ನನ್ನ ಕೈಯಲ್ಲಿಟ್ಟಳು. ಕಾಗೆಗಳು ಕುತ್ತಿಗೆ ಉದ್ದ ಮಾಡಿದವು.

"ಇನ್ನು ಈ ಜನ್ಮದಲ್ಲಿ ಚಿತ್ರ ಬಿಡಿಸುವುದಿಲ್ಲ ಅಂತ ಮಾವನವರಿಗೆ ಹೇಳಿ. ಹೇಳಿ ಪುಸ್ತಕ ಮುಚ್ಚಿ. ಗಟ್ಟಿಯಾಗಿ ಮುಚ್ಚಿ."

ನಾನು ಅವಳ ಮುಖ ನೋಡಿದೆ. ಅವಳು ಅಮ್ಮನ ಕಡೆ ಕಣ್ಣು ತೋರಿಸಿದಳು.

"ಅಪ್ಪಾ, ಇನ್ನು ಚಿತ್ರ ಬಿಡಿಸುವುದಿಲ್ಲ" ಎಂದೆ. ಪುಸ್ತಕ ಮುಚ್ಚಿದೆ. ಟಪ್!

ಕಾಗೆಗಳು ಎಲೆಗೆ ಮುಗಿಬಿದ್ದವು. ಮ್ಯಾನೇಜರ್ ಮೊದಲು ಕಚ್ಚಿದ್ದೇ ಗೋಳಿಬಜೆಯನ್ನು.

"ಸಿಕ್ಕಿತು ಅವರಿಗೆ" ಎಂದಳು ಅಮ್ಮ. ಅವಳ ಮುಖ ಎಷ್ಟು ಹಗುರಾಯಿತೆಂದರೆ, ಹೇಳಬೇಕೆಂದಿದ್ದ ಸತ್ಯವನ್ನು ನಾನು ಅಲ್ಲಿಯೇ ನುಂಗಿದೆ. ಚಿಕ್ಕಪ್ಪ ನನ್ನ ಬೆನ್ನು ತಟ್ಟಿ, ತಕರಾರಿನ ವಿಷಯ ಇನ್ನೊಮ್ಮೆ ಮಾತಾಡೋಣ, ಅಣ್ಣನಿಗೆ ಬೇಕಿದ್ದದ್ದು ಅದಲ್ಲವಲ್ಲ ಎಂದರು.

ಊಟಕ್ಕೆ ಕೂತಾಗ ವಾರಿಜಾಳ ಕಿವಿಯಲ್ಲಿ ಕೇಳಿದೆ, "ನಿನಗೆ ಟಪ್ಪಿನ ವಿಷಯ ಮೊದಲೇ ಗೊತ್ತಿತ್ತಾ?"

"ದೋಸೆ ಹೊಯ್ಯುವವಳಿಗೆ ಗೊತ್ತಾಗುವುದಿಲ್ವಾ" ಎಂದು ಪಾಯಸ ಬಡಿಸಿದಳು.

"ಪುಸ್ತಕ ಮುಚ್ಚಿದ್ದರೆ ಸಾಕಿತ್ತಲ್ಲ. ಆಣೆ ಯಾಕೆ ಮಾಡಿಸಿದ್ದು?"

"ಅದು ನನ್ನ ಆಸೆ."

ಅಮ್ಮ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತ ನನ್ನನ್ನು ಸಮಾಧಾನ ಮಾಡಿದಳು. "ಬೇಸರ ಮಾಡಬೇಡ ಮಗಾ. ಶಾಲೆಗೆ ಹೋಗುವಾಗಲೇ ನಿನ್ನ ಚಿತ್ರ ಅವರಿಗೆ ಆಗ್ತಿರಲಿಲ್ಲ. ಪಾಪ, ಬಾಯಿ ಬಿಟ್ಟು ಹೇಳ್ತಿರಲಿಲ್ಲ, ಅಷ್ಟೇ."

ಈಗಲೂ ಬೆಳಿಗ್ಗೆ ಕಾಗೆಗಳು ಬಂದು ವಾರೆಯಾಗಿ ಕೂರುತ್ತವೆ. ನಾನು ಪುಸ್ತಕದ ಖಾಲಿ ಹಾಳೆ ತೆರೆದು, ಸ್ವಲ್ಪ ಹೊತ್ತು ಅವುಗಳನ್ನು ನೋಡಿ, ಮುಚ್ಚುತ್ತೇನೆ. ನನ್ನ ಕಲೆಯಿಂದ ಇಷ್ಟು ಜೀವಗಳಿಗೆ ಸಂತೋಷವಾಗುವುದು ಆ ಒಂದು ಟಪ್ಪಿನಲ್ಲಿ ಮಾತ್ರ.