ಪ್ರಕಾಶನ ಫೈಲಿನಲ್ಲಿ ದಿನೇಶ

ಈ ಪ್ರಸಂಗದ ಕೆಲವು ವಿವರಗಳು ನನ್ನ ತಲೆಯಲ್ಲಿ ಅದಲುಬದಲಾಗಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟಿದೆಯಲ್ಲ ಎಂಬ ಧೈರ್ಯದಲ್ಲಿ ನೆನಪು ಕಾಲು ಚಾಚಿ ಮಲಗಿಬಿಡುತ್ತದೆ. ಬೇಕಾದಾಗ ತೆರೆದು ನೋಡಿದರೆ ಆ ದಿನದ ಪುಟದಲ್ಲಿ ‘ಸೆಕೆ. ಬಸ್ಸು ತಡ. ಬಂಗಡೆ ಚೆನ್ನಾಗಿತ್ತು’ ಎಂದಷ್ಟೇ ಇರುತ್ತದೆ. ನಮ್ಮ ಚಿಕ್ಕಮ್ಮನ ಮಗಳ ಮದುವೆ ಎರಡು ಸಾವಿರದ ಒಂದರಲ್ಲೋ ಎರಡರಲ್ಲೋ ಆದದ್ದು. ಹೊನ್ನಾವರದ ಸಭಾಭವನ ಎಂಬುದು ಖಂಡಿತ. ತಪ್ಪು ನನ್ನದು ಎಂಬುದೂ ಖಂಡಿತ ಎಂದು ನಮ್ಮ ಬಂಧುಗಳೆಲ್ಲ ಹೇಳುತ್ತಾರೆ. ನನಗೆ ಅನುಮಾನವಿರುವುದು ಅಲ್ಲಿಯೇ.

ಆಗ ನಾನು ಭಟ್ಕಳದ ಒಂದು ತಾಂತ್ರಿಕ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಮನೆ ಕುಮಟೆಯಲ್ಲಿ, ವಾರವಿಡೀ ಜಾಲಿ ಕಡೆಯ ಒಂದು ಬಾಡಿಗೆ ಕೋಣೆ, ಶನಿವಾರ ಬಸ್ಸು. ನನಗಿದ್ದದ್ದು ಒಂದೇ ಹುಚ್ಚು: ಕೆಂಪು ದೀಪಗಳಲ್ಲಿ ಕನ್ನಡ ಅಕ್ಷರ ಓಡುವ ಫಲಕ. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚುಕ್ಕೆ ತುಂಬಿ ಅಕ್ಷರ ಮಾಡಿಕೊಳ್ಳಬೇಕು. ಆಮೇಲೆ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿದರೆ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿದರೆ, ಕಂಪ್ಯೂಟರು ಆಬ್ಜೆಕ್ಟ್ ಫೈಲು ಎಂಬುದೊಂದನ್ನು ಕೊಡುತ್ತದೆ. ಅದನ್ನು ಮನುಷ್ಯರು ಓದಲಾರರು, ಫಲಕವನ್ನು ಓಡಿಸುವ ಐಸಿ ಎಂಬ ಪುಟ್ಟ ಬಿಲ್ಲೆಯೂ ಇದ್ದ ಹಾಗೇ ನುಂಗಲಾರದು. ಒಂದು ಬುಟ್ಟಿ ಬಳಚು ತಂದರೆ ಬೇಯಿಸಿ, ಚಿಪ್ಪು ಬಿಸಾಡಿ, ಬೊಗಸೆಯಷ್ಟು ಮಾಂಸ ಮಾತ್ರ ಬಾಣಲೆಗೆ ಹಾಕುತ್ತೇವಲ್ಲ, ಹಾಗೆ ಈ ಫೈಲಿನ ತಲೆಬರಹ, ಹೆಸರುಪಟ್ಟಿ, ಲೊಟ್ಟೆ ಲೊಸಕೆಯನ್ನೆಲ್ಲ ಸುಲಿದು ತಿರುಳನ್ನಷ್ಟೇ ಐಸಿಗೆ ತುಂಬಬೇಕು. ಸುಲಿಯುವ ಸಲಕರಣೆಯ ಹೆಸರು ಆಬ್ಜ್‌ಕಾಪಿ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಟೈಪು ಮಾಡಬೇಕು: ಈ ರೂಪದಿಂದ ಆ ರೂಪಕ್ಕೆ, ಈ ಫೈಲಿನಿಂದ ಆ ಫೈಲಿಗೆ. ರೂಪ ಬದಲಿಸು ಎನ್ನದಿದ್ದರೆ ಸುಮ್ಮನೆ ನಕಲು ಮಾಡಿಕೊಡುತ್ತದೆ. ಎಂಟರ್ ಒತ್ತಿದರೆ ಕೆಲಸ ಆಯಿತು. ಯಾಕೆ ಎಂದು ಕೇಳುವುದಿಲ್ಲ, ಆಯಿತು ಎಂದೂ ಹೇಳುವುದಿಲ್ಲ. ನಮ್ಮ ದೊಡ್ಡಮ್ಮ ಹುಡುಕುತ್ತಿದ್ದ ಸೊಸೆ ಅದು.

ಹೊನ್ನಾವರದ ಚಿಕ್ಕಮ್ಮನ ಮಗಳು ರೇಖಾ ಇಂಥ ಸೊಸೆಯಾಗುವ ಲಕ್ಷಣ ಇರಲಿಲ್ಲ. ಬಿ.ಎಸ್ಸಿ. ಮುಗಿಸಿದ್ದಳು. ಗಂಡಿನ ಕಡೆಯವರಿಗೆ ಕಳಿಸುವ ಹಾಳೆಯಲ್ಲಿ ‘ಕಂಪ್ಯೂಟರ್ ಬರುತ್ತದೆ’ ಎಂದು ಒಂದು ಸಾಲು ಸೇರಿಸಬೇಕು ಎಂಬ ಒಂದೇ ಉದ್ದೇಶದಿಂದ ಚಿಕ್ಕಮ್ಮ ಅವಳನ್ನು ಒಂದು ತಿಂಗಳು ನನ್ನ ಕೋಣೆಗೆ ಕಳಿಸಿದರು. ಬೇರೆ ಯಾರಾದರೂ ಪತ್ರ ಟೈಪು ಮಾಡುವುದನ್ನು ಕಲಿಸುತ್ತಿದ್ದರು. ನಾನು ಆಗ ಮುಳುಗಿದ್ದದ್ದು ಆಬ್ಜೆಕ್ಟ್ ಫೈಲುಗಳಲ್ಲಿ, ಅದನ್ನೇ ಕಲಿಸಿದೆ. “ಅಕ್ಕಾ, ಇದು ಮದ್ವಿಗೆ ಎಂತ ಉಪಯೋಗ ಆಗ್ತದೆ?” ಎಂದು ಕೇಳಿದ್ದಳು. “ಕಲ್ತದ್ದು ಹಾಳಾಗೂದಿಲ್ಲ” ಎಂದೆ. ಮೇಷ್ಟರಿಕೆಯಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ.

ಹಾಳೆ ಫಲಿಸಿತು. ಕುಮಟೆಯ ದಿನೇಶ ಎಂಬ ಹುಡುಗನೊಂದಿಗೆ ನಿಶ್ಚಯವಾಯಿತು. ನಿಶ್ಚಯದ ದಿನ ನನ್ನ ಫಲಕವೂ ಓಡಿತು: ‘ರೇಖಾ – ದಿನೇಶ ಶುಭವಿವಾಹ’. ವಿವಾಹ ಆಗಲಿಲ್ಲ. ಎರಡು ತಿಂಗಳ ಮೇಲೆ ಆ ಕಡೆಯವರು ಯಾರದ್ದೋ ಬಾಯಲ್ಲಿ ‘ಈಗ ಬೇಡ’ ಎಂದು ಹೇಳಿ ಕಳಿಸಿದರು. ಈ ‘ಈಗ’ ಎಂಬುದು ಯಾವಾಗ ಮುಗಿಯುತ್ತದೆ ಎಂದು ಚಿಕ್ಕಪ್ಪ ಕೆಲವು ವಾರ ಕಾದರು, ಆಮೇಲೆ ಅರ್ಥವಾಯಿತು. ಅದೇ ವರ್ಷ ಶಿರಾಲಿ ಕಡೆಯ ಪ್ರಕಾಶನ ಸಂಬಂಧ ಬಂತು. ಹೈಸ್ಕೂಲು ಮಾಸ್ತರ, ಮಾತು ಕಡಿಮೆ. ಎಲ್ಲರಿಗೂ ಒಪ್ಪಿಗೆ. ಮೊದಲೊಂದು ನಿಶ್ಚಯ ಮುರಿದದ್ದನ್ನು ಮಾತ್ರ ಅವರಿಗೆ ಹೇಳುವುದು ಬೇಡ ಎಂದು ಹಿರಿಯರು ತೀರ್ಮಾನಿಸಿದರು.

ರೇಖಾ ಒಪ್ಪಲಿಲ್ಲ. “ಹೇಳ್ದೆ ಮದ್ವಿ ಆದ್ರೆ ನಾ ಜೀವಮಾನ ಇಡೀ ಹೆದ್ರಕಂಡೇ ಇರ್ಬೇಕು. ನಾ ಎಂತ ಕಳ್ತನ ಮಾಡಿದ್ನ?” ಎಂದಳು. “ಮದ್ವಿ ಆದ್ಮೇಲೆ ನಿಧಾನಕ್ಕೆ ಹೇಳು ಮಾರಾಯ್ತಿ” ಎಂದರು ಚಿಕ್ಕಮ್ಮ. ಅವಳು ನನ್ನ ಮುಖ ನೋಡಿದಳು. ವಿಶ್ವವಿದ್ಯಾಲಯದಲ್ಲಿ ಓದಿದ ಅಕ್ಕ ಏನಾದರೂ ಹೇಳಬಹುದು ಎಂದಿರಬೇಕು. ನಾನು, “ದೊಡ್ಡೋರು ಹೇಳ್ದಂಗೆ ಆಗ್ಲಿ ಬಿಡೇ” ಎಂದು ಹೇಳಿ ಎದ್ದು ಕೈತೊಳೆಯಲು ಹೋದೆ. ಈ ವಿವರವನ್ನು ನಾನು ತಪ್ಪಾಗಿ ನೆನಪಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮದುವೆಗೆ ಮೂರು ದಿನವಿರುವಾಗ ಬಳೆ ತೆಗೆದುಕೊಳ್ಳಲೆಂದು ರೇಖಾ ಭಟ್ಕಳಕ್ಕೆ ಬಂದವಳು ನನ್ನ ಲ್ಯಾಬಿಗೂ ಬಂದಳು. ಫಲಕ ಓಡಿಸುವ ಭಾಗ ಒಂದು ಫೈಲು, ಹೆಸರುಗಳಿರುವ ಭಾಗ ಇನ್ನೊಂದು ಫೈಲು. ಯಾರ ಮದುವೆಯೋ ಅವರ ಹೆಸರಿನ ಫೈಲು ಜೋಡಿಸಿ, ಸುಲಿದು, ಐಸಿಗೆ ತುಂಬಿದರೆ ಮುಗಿಯಿತು. ‘ದಿನೇಶ’ ಎಂಬ ಹಳೆಯ ಫೈಲು ಅಲ್ಲೇ ಇತ್ತು. ‘ಪ್ರಕಾಶ’ ಎಂಬ ಹೊಸದನ್ನು ಹಿಂದಿನ ದಿನವೇ ಮಾಡಿಟ್ಟಿದ್ದೆ, ಅಥವಾ ಮಾಡಿಟ್ಟಿದ್ದೆ ಎಂದು ನನಗೆ ಅನಿಸುತ್ತದೆ. ನಡುವೆ ಒಂದು ಗಂಟೆ ಪರೀಕ್ಷೆಯ ಮೇಲ್ವಿಚಾರಣೆಗೆ ಹೋದೆ. ರೇಖಾ ಕಂಪ್ಯೂಟರಿನ ಮುಂದೆ ಬಳೆಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಳು. ಬಂದು ಕೆಲಸ ಮುಗಿಸಿದೆ. ದಿನಚರಿಯಲ್ಲಿ ಇರುವುದು ಇಷ್ಟು: ‘ರೇಖಾ ಬಂದಿದ್ದಳು. ಹಸಿರು ಬಳೆ. ಐಸಿ ತಯಾರಾಯಿತು.’

ಫಲಕ ಆಗಲೇ ಟೆಂಪೋದಲ್ಲಿ ಹೊನ್ನಾವರಕ್ಕೆ ಹೋಗಿತ್ತಾದ್ದರಿಂದ ಓಡಿಸಿ ನೋಡಲಾಗಲಿಲ್ಲ. ಮದುವೆಯ ಬೆಳಿಗ್ಗೆ ಬಾಗಿಲ ಮೇಲೆ ಕಟ್ಟಿದ್ದ ಫಲಕಕ್ಕೆ ಐಸಿ ಕೂರಿಸಿದೆ. ಕರೆಂಟು ಇರಲಿಲ್ಲ. ಹತ್ತು ಗಂಟೆಗೆ ದಿಬ್ಬಣದ ಬಸ್ಸು ಬಂತು. ಚಿಕ್ಕಮ್ಮ ಆರತಿ ಹಿಡಿದು ನಿಂತರು. ಬಾಸಿಂಗ ಕಟ್ಟಿದ ಪ್ರಕಾಶ ಹೊಸಿಲ ಎದುರು ನಿಂತ. ಸರಿಯಾಗಿ ಆಗ ಕರೆಂಟು ಬಂತು. ಎಲ್ಲರೂ “ಹೋ” ಎಂದು ತಲೆಯೆತ್ತಿದರು. ನನ್ನ ಅಕ್ಷರಗಳು ಮುತ್ತಿನ ಹಾಗೆ ಓಡಿಬಂದವು: ‘ರೇಖಾ – ದಿನೇಶ ಶುಭವಿವಾಹ’.

ವರನ ಸೋದರಮಾವ ದಪ್ಪ ಕನ್ನಡಕದವರು. ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. “ದಿನೇಶ ಅಂದ್ರೆ ಯಾರು?”

“ಅದು... ಅದು ಲೈಟ್ ಹಾಕ್ದವ್ನ ಹೆಸ್ರು” ಎಂದರು ಚಿಕ್ಕಪ್ಪ.

“ಲೈಟ್ ಹಾಕ್ದವ್ನಿಗೂ ನಿಮ್ ಮಗ್ಳಿಗೂ ಎಂತ ಶುಭವಿವಾಹ ಮಾರಾಯ್ರೆ?”

ವಾದ್ಯದವರು ಊದುವುದನ್ನು ನಿಲ್ಲಿಸಿದರು. ಫಲಕ ಮಾತ್ರ ಆರೆಂಟು ಸೆಕೆಂಡಿಗೊಮ್ಮೆ ಹೊಸ ಉತ್ಸಾಹದಿಂದ ದಿನೇಶನನ್ನು ಕರೆತರುತ್ತಿತ್ತು. ಸ್ವಿಚ್ಚು ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಬಸ್ಸಿನಿಂದ ಇಳಿಯುತ್ತಿದ್ದ ಹೆಂಗಸರು ಅಲ್ಲೇ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಅವರು ಇಳಿಯದಿದ್ದರೆ ಬಸ್ಸು ಹಾಗೇ ಶಿರಾಲಿಗೆ ತಿರುಗುತ್ತದೆ ಎಂದು ನನಗೆ ಅನಿಸಿತು.

ಅಷ್ಟರಲ್ಲಿ ಅಲಂಕಾರದ ಕೋಣೆಯಿಂದ ರೇಖಾ ಹೊರಗೆ ಬಂದಳು. ಅರ್ಧ ಜಡೆಗೆ ಹೂ ಮುಡಿಸಿ ಆಗಿತ್ತು, ಇನ್ನರ್ಧ ಹೂ ಅವಳ ಕೈಯಲ್ಲೇ ಇತ್ತು. ಚಿಕ್ಕಮ್ಮ “ಒಳ್ಗೆ ಹೋಗೇ” ಎಂದದ್ದು ಕೇಳಿಸಲೇ ಇಲ್ಲ ಎಂಬಂತೆ ಪ್ರಕಾಶನ ಎದುರು ನಿಂತು ಹೇಳಿದಳು: “ದಿನೇಶ ಅಂದ್ರೆ ನಂಗೆ ಮೊದ್ಲು ನಿಶ್ಚಯ ಆದವ. ಅವ್ರೇ ಬ್ಯಾಡ ಅಂದ್ರು, ಮುರ್ದು ಹೋತು. ನಿಮ್ಗೆ ಹೇಳುವಾ ಅಂತ ನಾ ಹೇಳಿದ್ದೆ. ಇವ್ರೆಲ್ಲ ತಡದ್ರು. ಈಗ ಹೇಳ್ದೆ. ಬೇಕಾದ್ರೆ ಬನ್ನಿ.”

ಪ್ರಕಾಶ ತಲೆಯೆತ್ತಿ ಫಲಕವನ್ನು ಇನ್ನೊಂದು ಸುತ್ತು ಓದಿದ. ಕಾಗುಣಿತ ತಿದ್ದುವವನ ಮುಖ. ಆಮೇಲೆ ಮಾವನ ಕಡೆ ತಿರುಗಿ ಹೇಳಿದ: “ನಮ್ ಶಾಲೇಲೂ ಹಂಗೇ ಮಾವ. ಟೀಸಿ ತಕಂಡು ಹೋದ ಹುಡ್ಗನ ಹೆಸ್ರನ್ನ ಹಾಜ್ರಿಲಿ ಒಂದ್ ತಿಂಗ್ಳು ಕೂಗ್ತೇ ಇರ್ತ್ರು. ಹೋದವ ಹೋದ, ಇದ್ದವ ಹಾಜರ್ ಅನ್ಬೇಕು, ಅಷ್ಟೇ.” ಮಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಮುಹೂರ್ತ ಎಷ್ಟೊತ್ತಿಗೆ?” ಎಂದು ಕೇಳಿದರು. ಬಸ್ಸಿನ ಮೆಟ್ಟಿಲಿನ ಹೆಂಗಸರು ಇಳಿದರು. ನನ್ನ ಕಾಲಿಗೆ ಸ್ವಿಚ್ಚು ನೆನಪಾಯಿತು.

ಆ ದಿನದಿಂದ ನಮ್ಮ ಬಳಗದ ಯಾವ ಮದುವೆಯಲ್ಲೂ ನನ್ನನ್ನು ವಿದ್ಯುತ್ತಿನ ಹತ್ತಿರ ಬಿಡುವುದಿಲ್ಲ. ಗ್ರೈಂಡರು ಹಾಕಲು ಹೋದರೂ ದೊಡ್ಡಮ್ಮ ಕೈಹಿಡಿದು ತಡೆಯುತ್ತಾರೆ. ತಪ್ಪು ನನ್ನದೇ ಎಂದು ನಾನೂ ಒಪ್ಪಿಕೊಂಡಿದ್ದೆ. ಸೋಮವಾರ ಲ್ಯಾಬಿಗೆ ಹೋಗಿ ಫೈಲುಗಳ ಪಟ್ಟಿ ತೆಗೆದೆ. ‘ಪ್ರಕಾಶ’ದ ಒಳಗೆ ದಿನೇಶನೇ ಕೂತಿದ್ದ, ಒಂದು ಬೈಟೂ ಹೆಚ್ಚುಕಡಿಮೆಯಿಲ್ಲದೆ. ಅದು ಸರಿ, ಆದರೆ ತಾರೀಖು? ಆ ಫೈಲಿನ ತಾರೀಖಿನ ಪ್ರಕಾರ ಅದು ಹುಟ್ಟಿದ್ದು ಪ್ರಕಾಶನ ಜಾತಕ ನಮ್ಮ ಮನೆಗೆ ಬರುವುದಕ್ಕೆ ಎಷ್ಟೋ ತಿಂಗಳು ಮೊದಲು, ದಿನೇಶನ ನಿಶ್ಚಯದ ವಾರದಲ್ಲಿ. ಸಾಮಾನ್ಯವಾಗಿ ನಕಲು ಮಾಡಿದರೆ ನಕಲಿಗೆ ಇವತ್ತಿನ ತಾರೀಖು ಬೀಳುತ್ತದೆ. ಆಬ್ಜ್‌ಕಾಪಿಗೆ ಒಂದು ಅಡ್ಡಗೆರೆ ಹಾಕಿ ‘ಪಿ’ ಎಂದು ಸೇರಿಸಿ ಹೇಳಿದರೆ ಮಾತ್ರ ಮೂಲದ ತಾರೀಖನ್ನೇ ಉಳಿಸುತ್ತದೆ. ಯಾವಾಗ ನಕಲಾಯಿತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಒಂದಕ್ಷರ ಹೆಚ್ಚು ಟೈಪು ಮಾಡಲೂ ಸೋಮಾರಿತನವಾಗಿ ನಾನು ಅದನ್ನು ಬಳಸಿದ್ದೇ ಇಲ್ಲ. ಆದರೆ ಪಾಠದಲ್ಲಿ ಹೇಳಿಕೊಟ್ಟಿದ್ದೆ. ಆ ವರ್ಷ ನನ್ನ ಪಾಠವನ್ನು ಪೂರ್ತಿಯಾಗಿ ಕೇಳಿದ ವಿದ್ಯಾರ್ಥಿನಿ ಒಬ್ಬಳೇ.

ಹಾಗೆಂದು ನಾನು ತಪ್ಪಿಸಿಕೊಂಡೆ ಎಂದಲ್ಲ. ಮಾದರಿಗೆ ಇರಲಿ ಎಂದು ದಿನೇಶನನ್ನು ನಾನೇ ನಕಲು ಮಾಡಿ, ತಿದ್ದಲು ಮರೆತಿರಬಹುದು. ಅವಳಿಗೆ ಪಾಠ ತೋರಿಸುವಾಗ ಅಭ್ಯಾಸವಾದ ‘ಪಿ’ ಬೆರಳಿನಲ್ಲೇ ಉಳಿದಿರಬಹುದು. ಹಿಂದಿನ ದಿನ ಹೊಸ ಫೈಲು ಮಾಡಿದ್ದೆ ಎಂಬುದೇ ಆಮೇಲೆ ನಾನು ಕಟ್ಟಿಕೊಂಡ ಸಮಾಧಾನವಿರಬಹುದು. ಬೇಸರದ ಸಂಗತಿ ಬೇರೆಯೇ. ಸತ್ಯ ಹೊರಬರಲೆಂದು ಆ ಹೆಸರನ್ನು ನಾನೇ ಬೇಕೆಂದು ಓಡಿಸಿದೆ ಎಂದು ಪ್ರಕಾಶ ನಂಬಿದ್ದಾನೆ. ಪ್ರಕಾಶನ ಮನೆಗೆ ಹೋದಾಗಲೆಲ್ಲ ಅವನು “ಧೈರ್ಯ ಮಾಡಿ ಸತ್ಯ ಹೇಳ್ದ ಅಕ್ಕ” ಎಂದು ನೆಂಟರಿಗೆ ನನ್ನ ಪರಿಚಯ ಮಾಡಿಕೊಡುತ್ತಾನೆ; ಮೀನಿನ ದೊಡ್ಡ ತುಂಡು ನನ್ನ ಬಟ್ಟಲಿಗೆ ಬೀಳುತ್ತದೆ. ಕೈತೊಳೆಯಲು ಎದ್ದುಹೋದವಳು ನಾನು. ಆದರೂ ಆ ತುಂಡನ್ನು ಒಮ್ಮೆಯೂ ವಾಪಸು ಕೊಟ್ಟವಳಲ್ಲ.

ಹೋದ ಸಲ ಶಿರಾಲಿಗೆ ಹೋದಾಗ ರೇಖಾ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು, ಮೆಟ್ಟುಗತ್ತಿಯ ಮೇಲೆ ಕೂತು ಇಸ್ವಾಣ ಮೀನು ಕೊಯ್ಯುತ್ತಿದ್ದಳು. ಇಷ್ಟು ವರ್ಷ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ. ಅವಳು ತಲೆಯೆತ್ತಲಿಲ್ಲ; “ಅಕ್ಕಾ, ಹುಳಿ ಸಾಕಾ ಕಾಣು” ಎಂದು ಸಾರಿನ ಸೌಟನ್ನು ನನ್ನ ಕೈಗೆ ಕೊಟ್ಟಳು. ಹುಳಿ ಸರಿಯಾಗಿತ್ತು. ಆಮೇಲೆ ಎರಡು ಪತ್ರಗಳಲ್ಲೂ ಕೇಳಿದ್ದೇನೆ. ಎರಡಕ್ಕೂ ಉತ್ತರ ಬಂದಿದೆ. ಮಕ್ಕಳ ಶಾಲೆ, ಬಾವಿಯ ನೀರು, ಅತ್ತೆಯ ಕಣ್ಣಿನ ಆಪರೇಷನ್, ಎಲ್ಲ ವಿವರವಾಗಿ ಇದೆ. ನಾನು ಕೇಳಿದ್ದು ಇಷ್ಟೇ: “ರೇಖಾ, ದಿನೇಶನನ್ನು ಅಲ್ಲಿ ತಂದು ಕೂರಿಸಿದ್ದು ನೀನೋ, ನಾನೋ?”