ಬಂದ ಬಾಗಿಲಲ್ಲೇ ಹೋಗತಕ್ಕದ್ದು

ಸಫ್ಸಾಫ್ ಪಟ್ಟಣದ ಸರ್ಕಾರಿ ಕಣ್ಣಾಸ್ಪತ್ರೆಗೆ ಎರಡು ಬಾಗಿಲುಗಳೂ ಎರಡು ಇಂಟರ್ನೆಟ್ ಲೈನುಗಳೂ ಇವೆ ಎಂಬುದು ದಾಖಲೆಗಳಿಂದ ಸಿದ್ಧಪಟ್ಟ ಸಂಗತಿ. ಬಾಗಿಲು ಒಂದು ನೈಲ್ ನದಿಯ ಕಡೆಗೆ, ಇನ್ನೊಂದು ಮಾರುಕಟ್ಟೆಯ ಕಡೆಗೆ. ಲೈನು ಒಂದು ಹಳೇ ಕಂಪನಿಯದು, ಇನ್ನೊಂದು ಹೊಸ ಕಂಪನಿಯದು. ಹಳೆಯದು ಕೈಕೊಟ್ಟರೆ ಇರಲಿ ಎಂದು ಹೊಸದನ್ನು ಹಾಕಿಸಿದ ಮೇಲೆ ಸೇವೆ ಇಮ್ಮಡಿಯಾಯಿತೆಂದು ವಾರ್ಷಿಕ ವರದಿ ಹೇಳುತ್ತದೆ. ವರದಿ ಸುಳ್ಳಲ್ಲ. ರೋಗಿಗಳ ಕೋರಿಕೆಗಳು ಎರಡೂ ಲೈನುಗಳಿಂದ ಒಳಗೆ ಬರುತ್ತಿದ್ದವು. ಉತ್ತರಗಳು ಮಾತ್ರ ಹಳೇ ಲೈನೊಂದರಿಂದಲೇ ಹೊರಗೆ ಹೋಗುತ್ತಿದ್ದವು. ಹೊಸ ಲೈನಿನಿಂದ ಕೇಳಿದವರ ಮೊಬೈಲು, ಯಾರೋ ಅಪರಿಚಿತರು ಮಾತಾಡುತ್ತಿದ್ದಾರೆಂದು ಆ ಉತ್ತರವನ್ನು ಎಸೆದುಬಿಡುತ್ತಿತ್ತು. ಮುಂಬಾಗಿಲು ತಟ್ಟಿದವನಿಗೆ ಹಿತ್ತಿಲಿಂದ ಓಗೊಟ್ಟರೆ ಆಗುವುದೂ ಇಷ್ಟೇ. ಆಸ್ಪತ್ರೆ ಉತ್ತರ ಕೊಟ್ಟಿತ್ತು. ತಲುಪಿಸುವುದು ಅದರ ಕರ್ತವ್ಯಗಳ ಪಟ್ಟಿಯಲ್ಲಿರಲಿಲ್ಲ.

ಈ ಎರಡು ಲೈನುಗಳ ಕಾವಲಿಗೆ ಲಿನಕ್ಸ್ ಫೈರ್‌ವಾಲಿನ ಒಂದು ಪೆಟ್ಟಿಗೆಯಿತ್ತು. ಪೆಟ್ಟಿಗೆಯ ಕಾವಲಿಗೆ ಇಂಜಿನಿಯರ್ ಬಹೀಗಾ ಇದ್ದಳು. ಅವಳ ಅಪ್ಪ ಶಿಹಾತಾ ಊರಿಗೇ ಹೆಸರಾದ ಮರಕೆತ್ತನೆಯವನು. ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷದಿಂದ ಉಳಿ ಮುಟ್ಟಿರಲಿಲ್ಲ. ಭಾನುವಾರ ಅವನ ಮೊಬೈಲಿಗೆ ಹೀಗೊಂದು ಪ್ರಕಟಣೆ ಬಂತು: 'ನಿಮ್ಮ ಶಸ್ತ್ರಚಿಕಿತ್ಸೆಯ ಸರದಿ ಬಂದಿದೆ. ಗುರುವಾರ ಎರಡು ಗಂಟೆಯೊಳಗೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತತಕ್ಕದ್ದು. ಒತ್ತಿದ್ದಕ್ಕೆ ಉತ್ತರ ಬಾರದಿದ್ದಲ್ಲಿ ಒತ್ತಿಲ್ಲವೆಂದು ಭಾವಿಸಿ ಸರದಿಯನ್ನು ಪಟ್ಟಿಯ ಕೊನೆಗೆ ಕಳುಹಿಸಲಾಗುವುದು. ಖುದ್ದಾಗಿ ಬಂದವರ ಒಪ್ಪಿಗೆಯನ್ನು ಸ್ವೀಕರಿಸಲಾಗುವುದಿಲ್ಲ.'

ಅವರ ಕೇರಿ ಹೊಸ ಲೈನಿನ ಪಾಲಿಗೆ ಬಿದ್ದಿತ್ತು. ಶಿಹಾತಾ ಎರಡು ದಿನ ಒತ್ತಿದ.

"ಏನೋ ದುಂಡಗೆ ಸುತ್ತುತ್ತಾ ಇದೆ ಮಗಳೇ," ಅಂದ. "ನನ್ನ ಕಣ್ಣಿಗೆ ಅಷ್ಟು ಕಾಣುತ್ತೆ. ಗಾಣದೆತ್ತಾದರೂ ಸಂಜೆಗೆ ನಿಲ್ಲುತ್ತಪ್ಪ, ನಿನ್ನ ಆಸ್ಪತ್ರೆ ನಿಲ್ಲೋ ಹಾಗೆ ಕಾಣೆ."

ಪರಿಹಾರ ಬಹೀಗಾಳಿಗೆ ಗೊತ್ತಿತ್ತು. ಒಳಬರುವ ಪ್ರತಿ ಕೋರಿಕೆಗೂ ಯಾವ ಲೈನಿನಿಂದ ಬಂತೆಂದು ಪೆಟ್ಟಿಗೆ ಒಂದು ಗುರುತು ಹಾಕಬೇಕು. ಉತ್ತರವನ್ನು ಆ ಗುರುತು ನೋಡಿ ಅದೇ ಲೈನಿನಿಂದ ಕಳಿಸಬೇಕು. ಪೆಟ್ಟಿಗೆಗೆ ಮೂರು ಸಾಲು ಆಜ್ಞೆ ಬರೆಯುವಷ್ಟೇ ಕೆಲಸ. ಮಂಗಳವಾರ ಅವಳು ನಿರ್ದೇಶಕ ವಜ್ದಿ ಬೇಯವರ ಮುಂದೆ ನಿಂತಳು.

"ಗುರುತು ಅಂದ್ರಾ?" ಎಂದರು ವಜ್ದಿ ಬೇ, ಚಹಾಕ್ಕೆ ನಾಲ್ಕನೇ ಚಮಚ ಸಕ್ಕರೆ ಹಾಕುತ್ತಾ. "ಹದ್ದಿನ ಮುದ್ರೆ ಬೀಳದ ಗುರುತಿಗೆ ಈ ದೇಶದಲ್ಲಿ ಏನು ಬೆಲೆ ಇಂಜಿನಿಯರಮ್ಮ? ಮದಾಮ್ ಇನ್ಸಾಫ್ ಹತ್ರ ಹೊಡೆಸ್ಕೊಂಡು ಬನ್ನಿ."

ಸರ್ಕಾರದ ಹದ್ದಿನ ಮುದ್ರೆ ಮದಾಮ್ ಇನ್ಸಾಫ್‌ರ ಮೇಜಿನ ಖಾನೆಯಲ್ಲಿ, ಖಾನೆಯ ಕೀಲಿ ಅವರ ಕೊರಳಲ್ಲಿ ಇರುತ್ತಿತ್ತು.

"ಕಳಿಸಮ್ಮ ನಿನ್ನ ಕೋರಿಕೆಗಳನ್ನ. ಒಂದೊಂದಾಗಿ ಸಾಲಲ್ಲಿ ನಿಲ್ಲಲಿ, ಹೊಡೀತೀನಿ."

"ಅವು ಕಣ್ಣಿಗೆ ಕಾಣಲ್ಲ ಮದಾಮ್. ತಂತಿಯೊಳಗೆ ಬರ್ತವೆ."

"ಕಾಣದೇ ಇರೋದಕ್ಕೆ ಹದ್ದು ಹೊಡೆಯೋಕೆ ನನಗೇನು ಹುಚ್ಚೇ? ಇಪ್ಪತ್ತೊಂಬತ್ತು ವರ್ಷದ ನೌಕರಿ ಇದು."

ಎರಡೂ ಕಡೆ ನ್ಯಾಯವಿದ್ದುದರಿಂದ ಸಮಿತಿ ಕೂತಿತು. ಪೆಟ್ಟಿಗೆ ರಾಜಧಾನಿಯ ಅಧೀನ, ಬಾಗಿಲುಗಳು ನಮ್ಮ ಅಧೀನ. ಆದ್ದರಿಂದ ಇಂಜಿನಿಯರಮ್ಮನ ಉತ್ತಮ ಸಲಹೆಯನ್ನು ನಮ್ಮ ಅಧೀನದಲ್ಲಿರುವುದಕ್ಕೆ ಅನ್ವಯಿಸುವುದು ಎಂದು ತೀರ್ಮಾನವಾಗಿ, ಬುಧವಾರ ಬೆಳಗ್ಗೆ ಸುತ್ತೋಲೆ ನಲವತ್ತೊಂದು ಹೊರಬಿತ್ತು. ನದಿ ಬಾಗಿಲಿನಿಂದ ಬಂದವರ ಎಡ ಮಣಿಕಟ್ಟಿಗೆ, ಮಾರುಕಟ್ಟೆ ಬಾಗಿಲಿನಿಂದ ಬಂದವರ ಬಲ ಮಣಿಕಟ್ಟಿಗೆ ಹದ್ದಿನ ಮುದ್ರೆ ಹಾಕತಕ್ಕದ್ದು. ಸಿಬ್ಬಂದಿಯೂ ಸೇರಿದಂತೆ ಯಾರೇ ಆಗಲಿ ಬಂದ ಬಾಗಿಲಲ್ಲೇ ಹೋಗತಕ್ಕದ್ದು.

ಅಂದು ಇನ್ನೂರಕ್ಕೂ ಹೆಚ್ಚು ಜನ ಮುದ್ರೆ ಹಾಕಿಸಿಕೊಂಡು ಒಳಬಂದು, ಉತ್ತರ ಯಾಕೆ ಬರುತ್ತಿಲ್ಲವೆಂದು ಕೇಳಿ, 'ಮನೆಗೆ ಹೋಗಿ ಮತ್ತೆ ಒತ್ತಿ' ಎನ್ನಿಸಿಕೊಂಡು, ಬಂದ ಬಾಗಿಲಲ್ಲೇ ಶಿಸ್ತಾಗಿ ಹೋದರು. ಒಬ್ಬರೂ ದಾರಿ ತಪ್ಪಲಿಲ್ಲ.

ಗುರುವಾರ ಹನ್ನೊಂದಕ್ಕೆ ಎಲ್ಲರೂ ತಿಂಡಿಗೆ ಬೇಯಿಸಿದ ಕಾಳಿನ ಫೂಲ್ ತಿನ್ನಲು ಎದ್ದಾಗ ಬಹೀಗಾ ಯಂತ್ರದ ಕೋಣೆಗೆ ಹೋಗಿ, ಮುದ್ರೆ ಕಾಣದ ಆ ಮೂರು ಸಾಲು ಒತ್ತಿದಳು. ನೌಕರಿ ಹೋದರೆ ಹೋಗಲಿ ಅನಿಸಿತ್ತು. ಐದು ನಿಮಿಷಕ್ಕೆ ಅಪ್ಪನ ಫೋನು ಬಂತು.

"ಸುತ್ತೋದು ನಿಂತಿದೆ ಕಣೇ. ಏನೋ ಹಸಿರು ಬಂದಿದೆ. ಪಕ್ಕದ ಮನೆಯವರು ಓದಿ ಹೇಳಿದ್ರು, ಒಪ್ಪಿಗೆ ದಾಖಲಾಗಿದೆಯಂತೆ."

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಎರಡು ಗಂಟೆಯೊಳಗೆ ಇಡೀ ಊರಿಗೆ ಉತ್ತರ ತಲುಪಿತು. ಸುತ್ತೋಲೆ ಜಾರಿಯಾದ ಮಾರನೇ ದಿನವೇ ತಂತಿಯೂ ಸರಿಹೋಯಿತೆಂದು ವಜ್ದಿ ಬೇ ರಾಜಧಾನಿಗೆ ಬರೆದರು. ರಾಜಧಾನಿ ಮೆಚ್ಚಿ, ನದಿ ಬಾಗಿಲ ಮೇಲೆ ಸುತ್ತೋಲೆಯ ಸ್ಮರಣಾರ್ಥ ಮರದ ಫಲಕ ಹಾಕಲು ಮಂಜೂರು ಮಾಡಿತು. ತಾಂತ್ರಿಕ ಸಾಕ್ಷಿಯೊಬ್ಬರ ಸಹಿ ಬೇಕಾಗಿತ್ತು.

"ಗುಣ ಕಂಡದ್ದು ಮುದ್ರೆಯಿಂದಲೇ ಅಲ್ಲವೇ?" ಎಂದು ವಜ್ದಿ ಬೇ ಕಡತ ಚಾಚಿದರು.

ಅಲ್ಲ ಎಂದರೆ ಮೂರು ಸಾಲು ಬಯಲಾಗುತ್ತದೆ. ಮುದ್ರೆಯಿಲ್ಲದ ಗುರುತಿನಿಂದ ಬಂದ ಒಪ್ಪಿಗೆಗಳೆಲ್ಲ ರದ್ದಾಗುತ್ತವೆ, ಅಪ್ಪನದೂ. "ಮುದ್ರೆಯಿಂದಲೇ," ಎಂದು ಬಹೀಗಾ ಸಹಿ ಹಾಕಿದಳು.

ಮುಂದಿನ ಸೋಮವಾರ ಶಿಹಾತಾ ನದಿ ಬಾಗಿಲಿನಿಂದ ಬಂದ. ಎಡ ಮಣಿಕಟ್ಟಿಗೆ ಹದ್ದು ಬಿತ್ತು, ಶಸ್ತ್ರಚಿಕಿತ್ಸೆ ಸಾಂಗವಾಗಿ ನಡೆಯಿತು. ಬುಧವಾರ ಕಣ್ಣಿನ ಪಟ್ಟಿ ಬಿಚ್ಚಿದಾಗ ಅವನು ಮಗಳನ್ನು ಬಹಳ ಹೊತ್ತು ನೋಡಿದ.

"ತಲೇಲಿ ಬಿಳಿಕೂದಲು ಯಾವಾಗ ಬಂತೇ?"

"ನೀನು ನೋಡದೇ ಇದ್ದಾಗ, ಬಾಬಾ. ನಡಿ, ಮನೆಗೆ ಹೋಗೋಣ."

ಹೋಗುವಂತಿರಲಿಲ್ಲ. ಫಲಕ ಕೂರಿಸಲು ಗಾರೆಯವರು ಬಂದು, ನದಿ ಬಾಗಿಲನ್ನು ಹಿಂದಿನ ದಿನವೇ ಇಟ್ಟಿಗೆಯಿಂದ ಮುಚ್ಚಿದ್ದರು. ಮಾರುಕಟ್ಟೆ ಬಾಗಿಲಿನ ಕಾವಲುಗಾರ ಶಿಹಾತಾನ ಎಡಗೈ ನೋಡಿ, "ಇದು ನಮ್ಮದಲ್ಲ ಹಾಜಿ," ಎಂದು ಬಹಳ ಗೌರವದಿಂದ ತಿರುಗಿಸಿ ಕಳಿಸಿದ. ಒಳಗೆ ಅಂಥವರು ಏಳು ಮಂದಿಯಿದ್ದರು. ಬಹೀಗಾ ಮದಾಮ್ ಇನ್ಸಾಫ್‌ರ ಕೈ ಹಿಡಿದು, ಬಲಗೈಗೂ ಒಂದು ಹೊಡೆಯಿರಿ ಎಂದು ಬೇಡಿದಳು.

"ಹಾಗೆ ಮಾಡಿದ್ರೆ ಎರಡು ಸಲ ಒಳಗೆ ಬಂದ ಹಾಗಾಗುತ್ತಮ್ಮ," ಎಂದರು ಮದಾಮ್. ಅವರಿಗೂ ಕಣ್ಣಲ್ಲಿ ನೀರಿತ್ತು. "ಒಂದು ಸಲ ಹೊರಗೆ ಹೋಗೋದೇ ಕಷ್ಟ ಆಗಿದೆ."

ಫಲಕ ಇನ್ನೂ ಸಿದ್ಧವಾಗಿರಲಿಲ್ಲ, ಕೆತ್ತುವವರು ಸಿಕ್ಕಿರಲಿಲ್ಲ. ಫಲಕ ಕೂರಿಸುವವರೆಗೆ ಬಾಗಿಲು ತೆರೆಯುವಂತಿರಲಿಲ್ಲ. ಶಿಹಾತಾ ತನ್ನ ಉಳಿ ತರಿಸಿಕೊಂಡು ಮೊಗಸಾಲೆಯ ಬೆಂಚಿನ ಮೇಲೆ ಕೂತ.

ಶನಿವಾರ ಮಗಳು ಬುತ್ತಿ ತಂದಾಗ ಅವನು ಎರಡನೇ ಅಕ್ಷರ ಮುಗಿಸಿ, ಮೂರನೆಯದರ ಅಂಚಿಗೆ ಬಳ್ಳಿ ಬಿಡಿಸುತ್ತಿದ್ದ.

"ಬಳ್ಳಿ ಯಾಕೆ ಬಾಬಾ? ಬೇಗ ಮುಗಿಸಬಾರದಾ?"

"ಮೂರು ವರ್ಷ ಆದ ಮೇಲೆ ಕೈಗೆ ಕೆಲಸ ಬಂದಿದೆ. ಸರ್ಕಾರದ ಕೆಲಸ ಬೇರೆ. ಅರೆಬರೆ ಮಾಡೋಕಾಗುತ್ತಾ?" ಎಂದು ಅವನು ಉಳಿಗಂಟಿದ ಮರದ ಪುಡಿ ಊದಿದ. "ಕೆಳಗೆ ಈ ಸಹಿ ಕೆತ್ತಬೇಕಂತೆ. ತಾಂತ್ರಿಕ ಸಾಕ್ಷಿ ಅಂತಿದೆ. ನಿನ್ನದೇ ಅಲ್ಲವಾ ಇದು?"

"ನನ್ನದೇ."

"ಚೆನ್ನಾಗಿದೆ," ಎಂದು ಶಿಹಾತಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಹೆಮ್ಮೆಯಿಂದ ನೋಡಿದ. "ಈಗ ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ."

ಬಹೀಗಾ ಖಾಲಿ ಬುತ್ತಿ ತೆಗೆದುಕೊಂಡು ಮಾರುಕಟ್ಟೆ ಬಾಗಿಲಿಗೆ ಬಂದಳು. ಬಲ ಮಣಿಕಟ್ಟು ತೋರಿಸಿದಳು. ಕಾವಲುಗಾರ ನೋಡಿ, ಸರಿಯಾಗಿದೆ ಎಂದು ಬಿಟ್ಟ.